ರುದ್ರಪ್ಪನವರಿಗೆ ಚಹ ಹೇಳಿದವರು

ಅಥವಾ ಅವತ್ತು ಮಳೆಯೇ ಇರಲಿಲ್ಲವೇನೋ. ತಗಡಿನ ಮೇಲೆ ಮಳೆ ಬೀಳುವ ಸದ್ದು ನನ್ನ ನೆನಪಿನಲ್ಲಿ ಬಹಳ ಜೋರಾಗಿದೆ. ಆ ಸದ್ದಿನಿಂದಾಗಿಯೇ ಗಂಗವ್ವ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ಕೇಳಿಸಲಿಲ್ಲವೆಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಆದರೆ ಇಳಕಲ್ಲಿನಲ್ಲಿ ದಸರೆಯ ಹೊತ್ತಿಗೆ ಅಂಥ ಮಳೆ ಎಷ್ಟು ಸಲ ಬಂದೀತು? ಮೇಲಾಗಿ ಆ ಕೋಣೆಗೆ ತಗಡೇ ಇತ್ತೋ, ಮಣ್ಣಿನ ಮಾಳಿಗೆ ಇತ್ತೋ? ತಗಡು ಇದ್ದದ್ದು ಹಿಂದಿನ ನೂಲಿನ ಗೋದಾಮಿಗೆ ಇರಬೇಕು. ನನ್ನ ನೆನಪು ತನಗೆ ಬೇಕಾದ ಸದ್ದನ್ನು ಪಕ್ಕದ ಕೋಣೆಯಿಂದ ಎಳೆದುಕೊಂಡು ಬಂದಿರಲಿಕ್ಕೂ ಸಾಕು.

ಇದೆಲ್ಲ ಮತ್ತೆ ಎದ್ದು ಕೂತದ್ದು ಹೋದ ತಿಂಗಳು. ತಂಗಿಯ ಮಗಳ ಮದುವೆಗೆ ಸೀರೆ ತರಲೆಂದು ತಂಗಿಯೊಂದಿಗೆ ಇಳಕಲ್ಲಿಗೆ ಹೋಗಿದ್ದೆ. ಅಂಗಡಿಯವನು ಗಾದಿಯ ಮೇಲೆ ಒಂದು ಸೀರೆಯನ್ನು ಝಾಡಿಸಿ ಬಿಚ್ಚಿದ. ಗಂಜಿ, ಹೊಸ ರೇಷ್ಮೆ, ಸ್ವಲ್ಪ ಸೀಮೆಎಣ್ಣೆ, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಬಂತು. ಅದೇ ಗಳಿಗೆಗೆ ಅವನು "ಚಾ ತರಸ್ಲೇನ್ರಿ?" ಅಂದ.

"ಬ್ಯಾಡ, ಬ್ಯಾಡ!" ಅಂದುಬಿಟ್ಟೆ, ಯಾರೋ ಹೊಡೆಯಲು ಬಂದಂತೆ.

"ಯಾಕಣ್ಣಾ, ಮಂದಿ ಪ್ರೀತಿಲೆ ಕೇಳಿದ್ರ ಹಂಗ ಅಂತಾರೇನು?" ಎಂದು ತಂಗಿ ಗದರಿಸಿದಳು. ಏನು ಹೇಳಲಿ? ಈ ಊರಿನಲ್ಲಿ ಒಂದು ಕಾಲಕ್ಕೆ ಚಹಕ್ಕೆ ಹೆದರುತ್ತಿದ್ದರು ಎಂದರೆ ಆಕೆ ನಂಬುತ್ತಿರಲಿಲ್ಲ. ಅಂಗಡಿಯವನೂ ನಂಬುತ್ತಿರಲಿಲ್ಲ. ಅವನಿಗೆ ಮೂವತ್ತು ದಾಟಿರಲಿಲ್ಲ.

ವರ್ಷ ಎಪ್ಪತ್ತೊಂಬತ್ತಿರಬೇಕು, ಇಲ್ಲವೆ ಎಂಬತ್ತೊಂದು. ನಾನು ಇಳಕಲ್ಲಿನ ನೇಕಾರರ ಸೊಸೈಟಿಯೊಂದರಲ್ಲಿ ಹಂಗಾಮಿ ಕಾರಕೂನನಾಗಿದ್ದೆ. ಆ ಸೊಸೈಟಿ ಮುಚ್ಚಿ ಬಹಳ ಕಾಲವಾಯಿತು. ಸೊಸೈಟಿಯಿಂದ ನೂಲು, ರೇಷ್ಮೆ ಒಯ್ದ ನೇಕಾರರು ಮನೆಯ ನೆಲದಲ್ಲಿ ತೋಡಿದ ಕುಣಿಮಗ್ಗದಲ್ಲಿ ಸೀರೆ ನೇಯ್ದು, ಮಗ್ಗದಿಂದ ಕೊಯ್ದ ಸೀರೆಯನ್ನು ಬಗಲಲ್ಲಿ ಇಟ್ಟುಕೊಂಡು ನಮ್ಮ ಕೋಣೆಗೆ ಬರುತ್ತಿದ್ದರು. ಕೋಣೆಯ ಬಡಗಣ ಗೋಡೆಗೆ ಒಂದು ದೊಡ್ಡ ಕಿಟಕಿ. ಕಿಟಕಿಗೆ ಅಡ್ಡವಾಗಿ ಒಂದು ನಯವಾದ ತೊಲೆ. ಸೀರೆಯನ್ನು ಆ ತೊಲೆಯ ಮೇಲೆ ಹಾಯಿಸಿ ಬೆಳಕಿಗೆ ಹಿಡಿದು ನೋಡಬೇಕು. ಇಳಕಲ್ಲ ಸೀರೆಗೆ ಮೈಯ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡಿಕೆ ಕಿಟಕಿಯ ಬೆಳಕಿಗೆ ಬಂದಾಗ ನೇಕಾರ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ.

ಕಿಟಕಿಯ ಮುಂದಿನ ಕುರ್ಚಿ ರುದ್ರಪ್ಪನವರದು. ಅವರು ಸೊಸೈಟಿಯ ತಪಾಸಣೆಯವರು. ತೆಳ್ಳಗಿನ ಮನುಷ್ಯ, ಬಿಳಿ ಟೊಪ್ಪಿಗೆ, ಹಣೆಯಲ್ಲಿ ವಿಭೂತಿ. ಸೀರೆ ಸರಿಯಿದ್ದರೆ ಸೆರಗನ್ನು ಹೊರಗೆ ಮಾಡಿ, ಮಡಚಲೆಂದು ಬೆನ್ನ ಹಿಂದೆ ಕೊಡುತ್ತಿದ್ದರು. ಇರದಿದ್ದರೆ ಸೆರಗನ್ನು ಒಳಗೆ ಮಾಡುತ್ತಿದ್ದರು, ಬಾಯಿಂದ ಒಂದು ಮಾತಿಲ್ಲ. ಕಿಟಕಿಯಿಂದ ಒಂದು ಬೆರಳು ಎತ್ತಿದರೆ ಎದುರಿನ ಹೋಟೆಲಿನಿಂದ ಮಾಬುಸಾಬ ಒಂದು ಕಪ್ಪಿನಲ್ಲಿ ಚಹ ತಂದು ಆ ನೇಕಾರನ ಮುಂದೆ ಇಡುತ್ತಿದ್ದ. ಸೀರೆ ತಿರುಗಿ ಬಂದವನಿಗೆ ಚಹ. ಬರಿಗೈಲಿ ಕಳಿಸಬಾರದೆಂದು ಯಾವಾಗಲೋ ಶುರುವಾದ ಮರ್ಯಾದೆ ಇದ್ದೀತು. ನಮ್ಮ ಕಾಲಕ್ಕೆ ಅದು ಊರಿಗೆಲ್ಲ ಗೊತ್ತಿದ್ದ ತೀರ್ಪಾಗಿತ್ತು. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನಿಗೂ "ಚಾ ಕುಡದ" ಅನ್ನುತ್ತಿದ್ದರು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಿಗೆ ಚಹದ ಬದಲು ಪಾನಕ ಕೊಡುವ ಮನೆಗಳನ್ನು ನಾನೇ ನೋಡಿದ್ದೇನೆ. ನೋಡಿದ್ದೇನೆಯೇ? ಕೇಳಿರಲೂಬಹುದು.

ರುದ್ರಪ್ಪನವರ ಬೆನ್ನ ಹಿಂದೆ ಸಂಗಪ್ಪ ಕಾಕಾ ನಿಂತಿರುತ್ತಿದ್ದರು. ಪಾಸಾದ ಸೀರೆಯನ್ನು ಘಡಿ ಹಾಕುವುದು, ಅಂದರೆ ಅಳತೆಗೆ ಸರಿಯಾಗಿ ಮಡಚುವುದು, ಅವರ ಕೆಲಸ. ಅವರಿಗೆ ಕುರ್ಚಿ ಇರಲಿಲ್ಲ; ಕೂತು ಘಡಿ ಹಾಕಲು ಬರುವುದಿಲ್ಲ. ಸ್ವತಃ ನೇಕಾರರ ಮನೆಯವರು. ತಂದೆಯ ಮಾತು ಮೀರಿ ಮಗ್ಗ ಬಿಟ್ಟು ಈ ಕೆಲಸಕ್ಕೆ ಸೇರಿದ್ದರು, ಮುಂದೆ ಒಂದು ದಿನ ಕಿಟಕಿಯ ಕುರ್ಚಿ ಸಿಗುತ್ತದೆಂದು. ಅವರ ಹಿಂದೆ, ಮೇಜಿನ ಮೂಲೆಯಲ್ಲಿ ನಾನು. ರುದ್ರಪ್ಪನವರು ಎದ್ದರೆ ಕಾಕಾ ಕೂಡುತ್ತಾರೆ, ಕಾಕಾ ಕೂತರೆ ಅವರ ಜಾಗಕ್ಕೆ ನಾನು ಕಾಯಂ ಆಗುತ್ತೇನೆ. ಬಸ್ಸಿನ ಬಾಗಿಲಲ್ಲಿ ಒಬ್ಬರು ನಿಂತರೆ ಹಿಂದಿನವರೆಲ್ಲ ನಿಲ್ಲುವಂತೆ ನಾವಿಬ್ಬರೂ ನಿಂತಿದ್ದೆವು.

ಆ ಕುರ್ಚಿ ಬಿಡುವುದಕ್ಕೆ ಒಂದು ಪದ್ಧತಿ ಇತ್ತು. ಉಳಿದ ನೌಕರರಿಗೆ ನಿವೃತ್ತಿಯ ವಯಸ್ಸಾದರೆ ಒಂದು ಹಾರ, ಒಂದು ತೆಂಗಿನಕಾಯಿ, ಮುಗಿಯಿತು. ಕಿಟಕಿಯವರಿಗೆ ಹಾಗಲ್ಲ. ಅವರ ಹೆಂಡತಿಗೆಂದು ಸೊಸೈಟಿಯ ವತಿಯಿಂದ ಒಂದು ಒಳ್ಳೆಯ ಸೀರೆ ನೇಯಿಸುತ್ತಿದ್ದರು. ಕೊನೆಯ ದಿನ ಆಕೆ ಬಾಗಿಲಿಗೆ ಬಂದು, ಹೊಸ್ತಿಲಾಚೆ ನಿಂತು, "ಕೆಲಸ ಆತು, ಮನಿಗೆ ನಡೀರಿ" ಎಂದು ಎಲ್ಲರೆದುರು ಗಂಡನನ್ನು ಕರೆಯಬೇಕು. ಕರೆದ ಮೇಲೆ ಆತ ಮತ್ತೆ ಆ ಕುರ್ಚಿಯಲ್ಲಿ ಕೂಡುವಂತಿಲ್ಲ.

ರುದ್ರಪ್ಪನವರ ಹೆಂಡತಿ ಗಂಗವ್ವ ಇಳಕಲ್ಲಿನಲ್ಲಿ ಇರಲಿಲ್ಲ. ಬಾದಾಮಿಯ ಹತ್ತಿರ ಚೊಳಚಗುಡ್ಡದ ತವರಿನಲ್ಲಿ ಇದ್ದರು. ಜಗಳವೆಂದು ಯಾರೂ ಹೇಳುತ್ತಿರಲಿಲ್ಲ. ಮಕ್ಕಳಿರಲಿಲ್ಲ. ರುದ್ರಪ್ಪನವರು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ತಾವೇ ರೊಟ್ಟಿ ಬಡಿದುಕೊಳ್ಳುತ್ತಿದ್ದರು.

ಅವರಿಗೆ ವಯಸ್ಸಾದ ವರ್ಷ ಎಲ್ಲರೂ ಅವರನ್ನು ಕಳಿಸಿಕೊಡುವ ತಯಾರಿ ಮಾಡಿದರು. ಸೀರೆ ನೇಯಿಸಿದ್ದಾಯಿತು, ಸೆರಗಿನ ಕೊಂಡಿಯನ್ನು ಕಾಕಾ ತಾವೇ ಕೂತು ಹಾಕಿದರು. ಬೀಳ್ಕೊಡುವ ಮುನ್ನಾದಿನ ಕಮಿಟಿಯವರು ಕೂಡಿ, ಬರುವ ದಸರೆಯವರೆಗೆ ರುದ್ರಪ್ಪನವರೇ ಇರಲಿ ಅಂದರು. ಹೊರಗೆ ಚಪ್ಪರ, ಒಳಗೆ ರುದ್ರಪ್ಪನವರು ಎಂದಿನಂತೆ ಸೀರೆ ಬೆಳಕಿಗೆ ಹಿಡಿದು ಕೂತರು. ಮುಂದಿನ ದಸರೆಗೂ ಹಾಗೇ ಆಯಿತು. ಆ ಸೀರೆ ಕಪಾಟಿನಲ್ಲೇ ಉಳಿಯಿತು.

ರೇಷ್ಮೆಯ ಸೀರೆಯನ್ನು ಒಂದೇ ಘಡಿಯಲ್ಲಿ ಇಟ್ಟರೆ ಮಡಿಕೆಯಗುಂಟ ಸೀಳುತ್ತದೆ. ಅಮಾವಾಸ್ಯೆಗೆ ಊರಿನ ಮಗ್ಗಗಳೆಲ್ಲ ನಿಲ್ಲುತ್ತಿದ್ದವು, ಸೊಸೈಟಿಗೂ ಸೂಟಿ. ಅವತ್ತು ಕಾಕಾ ಒಬ್ಬರೇ ಬಂದು ಕಪಾಟು ತೆಗೆದು, ಬೇರೊಬ್ಬರ ಹೆಂಡತಿಯ ಸೀರೆಯನ್ನು ಬಿಚ್ಚಿ ಬೇರೆ ಘಡಿ ಹಾಕಿ ಇಡುತ್ತಿದ್ದರು. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಒಮ್ಮೆ "ಬಿಡ್ರಿ ಕಾಕಾ, ಸೀಳಲಿ" ಅಂದಾಗ ನನ್ನ ಮುಖ ನೋಡಿದರು. "ಸೀರಿ ಏನ್ ಮಾಡೈತಿ ಪಾಪ?" ಅಂದರು.

ಅವರು ಕಮಿಟಿಯ ಚೇರಮನ್ನರನ್ನು ಕಾಣಲು ಹೋದಾಗ ನಾನೂ ಜೊತೆಗಿದ್ದೆ. ಚೇರಮನ್ನರು ಜೋಕಾಲಿಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

"ಸಂಗಪ್ಪಾ, ನಿನಗ ಕೆಲಸ ಬರೂದಿಲ್ಲ ಅಂತ ಯಾರು ಅಂದಾರ? ಆದ್ರ ಈ ಊರಾಗ ಅರ್ಧ ಮಗ್ಗ ನಿಮ್ಮ ಬೀಗರವು. ನೀ ಒಬ್ಬಗ ಚಾ ಕುಡಿಸಿದ್ರ ಜಗಳ, ಕುಡಿಸಲಿಲ್ಲಂದ್ರ ಇನ್ನೂ ದೊಡ್ಡ ಜಗಳ. ರುದ್ರಪ್ಪಗ ಇಲ್ಲಿ ಒಬ್ಬ ಬೀಗ ಇಲ್ಲ ನೋಡು."

"ಬೀಗರು ಇರೂದು ನನ್ನ ತಪ್ಪೇನ್ರಿ?"

"ತಪ್ಪು ಅಂತ ಯಾರು ಅಂದ್ರೋ? ದಸರಾಕ್ಕ ನೋಡೂಣು."

ಆದರೆ ಆ ದಸರೆಯೇ ಕಾಕಾರಿಗೆ ಕೊನೆಯದು. ಅದರ ಮುಂದಿನ ಯುಗಾದಿಗೆ ಅವರಿಗೂ ವಯಸ್ಸಾಗುತ್ತಿತ್ತು. ಈ ಸಲವೂ ರುದ್ರಪ್ಪನವರು ಮುಂದುವರಿದರೆ, ಕಾಕಾ ಜೀವಮಾನವೆಲ್ಲ ನಿಂತೇ ಇದ್ದು, ಒಂದು ಹಾರ ಹಾಕಿಸಿಕೊಂಡು ಮನೆಗೆ ಹೋಗಬೇಕು. ಅವರ ಹೆಂಡತಿ ನೀಲವ್ವ ಕಾಕು ನೂಲಿನ ಕಂಡಿಕೆ ಸುತ್ತುವ ರಾಟಿಯ ಮುಂದೆ ಕೂತು ಇದನ್ನು ಬೇರೆ ರೀತಿಯಲ್ಲಿ ಹೇಳುತ್ತಿದ್ದರು. ನಾನು ಅವರ ಮನೆಯಲ್ಲಿ ಉಣ್ಣಲು ಕೂತಿದ್ದೆ.

"ನಾ ಬಾಗಲದಾಗ ನಿಂತು ಕರೀಬೇಕಂದ್ರ ಮೊದಲ ಇವರು ಕುರ್ಚಿ ಮ್ಯಾಲೆ ಕುಂದರಬೇಕಲ್ಲೋ ತಮ್ಮಾ. ನಿಂತವರನ್ನ ಏನಂತ ಕರೀಲಿ? ನಿಂತವರು ತಾವ ಬರ್ತಾರ."

"ನೀ ಸುಮ್ಮನ ರಾಟಿ ತಿರುಗಿಸು," ಕಾಕಾ ಅಂದರು.

"ತಿರುಗಸಾಕತ್ತೇನಲ್ಲ. ಹುಟ್ಟಿದಾಗಿಂದ ಅದನ್ನ ಮಾಡೇನಿ." ಆಮೇಲೆ, ರಾಟಿ ನಿಲ್ಲಿಸಿ: "ಒಂದ್ ಮಾತು ಕೇಳ್ರಿ. ರುದ್ರಪ್ಪನೋರು ಯಾಕ ಏಳವಲ್ರು? ಕರಿಯಾಕ ಬರೂ ಹೆಣಮಗಳು ಇಲ್ಲ, ಅದಕ್ಕ ಏಳವಲ್ರು. ಎದ್ದು ಎಲ್ಲಿಗೆ ಹೋಗಬೇಕು ಅವರು? ಆಕಿನ್ನ ಕರಕೊಂಡು ಬರ್ರಿ, ಏಳತಾರ."

ಇದು ಬಹಳ ಚೊಕ್ಕಟವಾದ ವಿವರಣೆ. ಈಗ ಬರೆಯುವಾಗ ಇದರ ಚೊಕ್ಕಟತನವೇ ನನಗೆ ಅನುಮಾನ ತರುತ್ತದೆ. ಮನುಷ್ಯರು ಇಷ್ಟು ಸರಳ ಕಾರಣಕ್ಕೆ ಕೂತಿರುತ್ತಾರೆಯೇ? ಅಂದು ಮಾತ್ರ ನಮಗೆ ಬೇರೆ ದಾರಿ ಇರಲಿಲ್ಲವಾದ್ದರಿಂದ ಇದೇ ನಿಜವೆನಿಸಿತು.

ಶ್ರಾವಣದ ಅಮಾವಾಸ್ಯೆಗೆ ನಾವಿಬ್ಬರೂ ಹೊರಟೆವು. ಕಾಕಾ ಮೊದಲು ಸೊಸೈಟಿಗೆ ಹೋಗಿ ಸೀರೆಯ ಘಡಿ ಬದಲಿಸಿ ಬಂದರು. ಹುನಗುಂದದಲ್ಲಿ ಬಸ್ಸು ಬದಲಿಸಿದೆವು. ಎರಡೂ ಬದಿಗೆ ಕರಿ ಎರೆಹೊಲ ನೀರು ಕುಡಿದು ಹೊಳೆಯುತ್ತಿತ್ತು. ಅಮೀನಗಡದಲ್ಲಿ ಬಸ್ಸು ನಿಂತಾಗ ಕಾಕಾ ಇಳಿದು ಕರದಂಟು ತಂದರು. "ಹೆಣಮಕ್ಕಳ ಮನಿಗೆ ಬರಿಗೈಲೆ ಹೋಗಬಾರದು" ಅಂದರು. ಸ್ವಲ್ಪ ದೂರ ಹೋದ ಮೇಲೆ: "ತಮ್ಮಾ, ನಾವು ಮಾಡಾಕತ್ತಿದ್ದು ಸರಿ ಐತೇನು? ಮಂದಿ ಗಂಡನ್ನ ಎಬ್ಬಿಸಾಕ ಕರದಂಟು ತಗೊಂಡು ಹೊಂಟೀವಿ." ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.

ಬಾದಾಮಿಯಲ್ಲಿ ಇಳಿದಾಗ ಕೆಂಪು ಬೆಟ್ಟದ ಮೇಲಿಂದ ನೀರು ಸಣ್ಣ ಸಣ್ಣ ಎಳೆಯಾಗಿ ಇಳಿಯುತ್ತಿತ್ತು. ಚೊಳಚಗುಡ್ಡಕ್ಕೆ ಹೋಗುವ ಮುಂಚೆ ಬನಶಂಕರಿಗೆ ಕೈಮುಗಿದೆವು. ಕಾಕಾರ ಮನೆದೇವರು ಅದು. ಅವರು ಗುಡಿಯೊಳಗೆ ಬಹಳ ಹೊತ್ತು ನಿಂತರು. ನಾನು ಹೊಂಡದ ಕಟ್ಟೆಯ ಮೇಲೆ ಕೂತು ಬುಟ್ಟಿಯಲ್ಲಿ ರೊಟ್ಟಿ ಮೊಸರು ಮಾರುವ ಹೆಂಗಸರನ್ನು ನೋಡುತ್ತಿದ್ದೆ. ಏನು ಬೇಡಿಕೊಂಡಿರೆಂದು ಕೇಳಲಿಲ್ಲ, ಗೊತ್ತೇ ಇತ್ತಲ್ಲ. ಈಗ ಅದೂ ಅಷ್ಟು ಖಾತ್ರಿಯಿಲ್ಲ.

ಗಂಗವ್ವ ತಮ್ಮನ ಎಲೆತೋಟದ ಮನೆಯ ಪಡಸಾಲೆಯಲ್ಲಿ ಕೂತು ವೀಳ್ಯದೆಲೆ ಆರಿಸುತ್ತಿದ್ದರು. ಒಳ್ಳೆಯ ಎಲೆ ಒಂದು ಕಡೆ, ಹರಿದದ್ದು, ಚುಕ್ಕಿ ಬಿದ್ದದ್ದು ಇನ್ನೊಂದು ಕಡೆ. ಗಂಡ ಅಲ್ಲಿ ಸೀರೆ ಆರಿಸುತ್ತಾನೆ, ಹೆಂಡತಿ ಇಲ್ಲಿ ಎಲೆ ಆರಿಸುತ್ತಾಳೆ. ಹೀಗೆ ಹೊಂದಿಕೊಳ್ಳುವ ಚಿತ್ರಗಳು ನೆನಪಿನಲ್ಲಿ ಸಿಕ್ಕಾಗ ನಾನು ಎಚ್ಚರಾಗುತ್ತೇನೆ. ಆದರೆ ಬರುವಾಗ ಅವರು ನಮ್ಮ ಕೈಗೆ ಎಲೆಯ ಕಟ್ಟು ಕೊಟ್ಟದ್ದು ನಿಜ. ಕಾಕು ಅದನ್ನು ವಾರವಿಡೀ ತಿಂದರು. ಆದ್ದರಿಂದ ಎಲೆಯಾದರೂ ಇತ್ತು.

"ಯಾರ ಕಡಿಯವರು?" ಅಂದರು.

"ಇಳಕಲ್ಲಿಂದ ಬಂದೀವ್ರಿ ಅಕ್ಕಾರ. ಸೊಸೈಟಿಯವರು."

ಎಲೆಯ ಮೇಲಿನ ಕೈ ನಿಂತಿತು. "ಅವರಿಗೇನಾರ ಆಗೈತೇನು?"

"ಇಲ್ರಿ, ಇಲ್ರಿ. ಗಟ್ಟಿ ಅದಾರ," ಕಾಕಾ ಅವಸರದಿಂದ ಅಂದರು.

"ಗಟ್ಟಿ ಇರೂದ ನಿಮಗ ತ್ರಾಸ ಆಗೈತಿ ಅನ್ನೂಹಂಗ ಐತಲ್ಲ ನಿಮ್ಮ ಮಾರಿ."

ಕಾಕಾ ಕರದಂಟಿನ ಪೊಟ್ಟಣವನ್ನು ಮುಂದೆ ಸರಿಸಿದರು. ನಾನೇ ಹೇಳಿದೆ: ಕುರ್ಚಿಯದು, ದಸರೆಯದು, ಯುಗಾದಿಯದು, ಕಪಾಟಿನ ಸೀರೆಯದು. ಎಲ್ಲ ಕೇಳಿದ ಮೇಲೆ ಗಂಗವ್ವ ಮತ್ತೆ ಎಲೆ ಆರಿಸತೊಡಗಿದರು.

"ಅಂದ್ರ ನನ್ನ ಗಂಡನ್ನ ಎಬ್ಬಿಸಾಕ ನೀವು ನನ್ನ ಎಬ್ಬಿಸಾಕ ಬಂದೀರಿ."

"ಹಂಗಲ್ರಿ..."

"ಹಂಗ ಐತಿ. ಇರ್ಲಿ. ಅವರನ್ನ ಕೇಳೀರೇನು, ಯಾಕ ಏಳವಲ್ರಿ ಅಂತ?"

ಚೇರಮನ್ನರನ್ನು ಕೇಳಿದ್ದೆವು, ಕಮಿಟಿಯವರನ್ನು ಕೇಳಿದ್ದೆವು, ದೇವರನ್ನೂ ಕೇಳಿ ಬಂದಿದ್ದೆವು. ರುದ್ರಪ್ಪನವರನ್ನು ಕೇಳಿರಲಿಲ್ಲ.

"ನಾ ಜಗಳಾಡಿ ಬಂದಾಕಿ ಅಲ್ಲ," ಅಂದರು. "ತಮ್ಮನ ಹೇಣತಿ ಸತ್ತಾಗ ಇವನ ಮಕ್ಕಳನ್ನ ನೋಡಾಕ ಬಂದೆ. ಮಕ್ಕಳು ದೊಡ್ಡವಾದ್ವು, ತ್ವಾಟ ಹಿಡೀತು. ಅವರು ಕಿಟಕಿ ಬಿಟ್ಟು ಬರಲಿಲ್ಲ, ನಾ ಎಲಿ ಬಿಟ್ಟು ಹೋಗಲಿಲ್ಲ. ಇಷ್ಟ."

ಅಷ್ಟರಲ್ಲಿ ಒಳಗಿನಿಂದ ಯಾರೋ ಎರಡು ಕಪ್ಪು ಚಹ ತಂದು ನಮ್ಮ ಮುಂದೆ ಇಟ್ಟರು. ಕಾಕಾ ಗಪ್ಪನೆ ಹಿಂದೆ ಸರಿದು ಕೂತರು. ನಾನೂ ಕೈ ಚಾಚಲಿಲ್ಲ.

"ಯಾಕ್ರಿ, ನಮ್ಮ ಮನ್ಯಾಗ ಚಾ ಕುಡಿಯೂದಿಲ್ಲೇನು?"

ಕಾಕಾ ತೊದಲುತ್ತ ಇಳಕಲ್ಲಿನ ಚಹದ ಸಂಗತಿ ಹೇಳಿದರು. ಗಂಗವ್ವ ನಕ್ಕರು. ಸೆರಗು ಬಾಯಿಗೆ ಹಿಡಿದು, ಎಲೆಯ ರಾಶಿ ಅಲುಗಾಡುವಂತೆ ನಕ್ಕರು. ಇಷ್ಟು ವರ್ಷ ಅವರಿಗೆ ಇದು ಗೊತ್ತೇ ಇರಲಿಲ್ಲ. "ಹಂಗಾದ್ರ ಊರಿಗೆಲ್ಲಾ ಚಾ ಕುಡಿಸ್ಯಾರ. ಅವರಿಗೆ ಯಾರಾರ ಕುಡಿಸೀರೇನು?" ಅಂದರು.

ಅಂದರೆಂದು ನನ್ನ ನೆನಪು. ಆಮೇಲೆ ಒಮ್ಮೆ ಕಾಕಾ, ಆಕೆ ಹಾಗೆ ಅನ್ನಲೇ ಇಲ್ಲ, ತಿರುಗಿ ಬರುವಾಗ ಬಸ್ಸಿನಲ್ಲಿ ಆ ಮಾತು ಅಂದವನು ನೀನೇ ಎಂದು ಸಾಧಿಸಿದ್ದರು. ಇರಲಿ. ಬರುತ್ತೇನೆಂದೂ ಅನ್ನಲಿಲ್ಲ, ಬರುವುದಿಲ್ಲವೆಂದೂ ಅನ್ನಲಿಲ್ಲ. ಎಲೆಯ ಕಟ್ಟು ಕೊಟ್ಟು ಕಳಿಸಿದರು.

ಊರಿಗೆ ಬಂದ ಮೇಲೆ ನನ್ನ ತಲೆಯಲ್ಲಿ, ಅವರನ್ನೇ ಕೇಳಿದಿರಾ ಎಂಬ ಗಂಗವ್ವನ ಪ್ರಶ್ನೆ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಕೋಣೆಯಲ್ಲಿ ನೇಕಾರರು ಇಲ್ಲದಾಗ ಧೈರ್ಯ ಮಾಡಿದೆ.

"ಅಪ್ಪಾರ, ನಿಮಗ ದಣಿವಾಗೂದಿಲ್ಲೇನ್ರಿ?"

ರುದ್ರಪ್ಪನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. "ದಣಿವು ನಿಂತವರಿಗೆ ಆಗೂದು, ತಮ್ಮಾ. ನಾ ಕುಂತೇನಿ."

ಅವರ ಬೆನ್ನ ಹಿಂದೆ ಕಾಕಾ ಒಂದು ಸೀರೆಯ ಅರ್ಧ ಘಡಿಯಲ್ಲಿದ್ದರು. ಕೈ ನಿಲ್ಲಲಿಲ್ಲ. ಘಡಿ ಮುಗಿಸಿ, ಅಂಚು ಸರಿಮಾಡಿ, ಮೇಜಿನ ಮೇಲಿಟ್ಟು ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ರುದ್ರಪ್ಪನವರು ಅದನ್ನು ಚೇಷ್ಟೆಗೆ ಅಂದರೋ, ಹಿಂದಿದ್ದವರಿಗೆ ತಾಗಲಿ ಎಂದೇ ಅಂದರೋ, ಹಿಂದೆ ಒಬ್ಬರು ನಿಂತಿದ್ದಾರೆಂಬುದೇ ಅವರಿಗೆ ಮರೆತುಹೋಗಿತ್ತೋ? ಮೂರನೆಯದು ನನಗೆ ಎಲ್ಲಕ್ಕಿಂತ ಭಯ ತರುತ್ತದೆ. ಅದೇ ವಾರ ನಾನು ಬಾಗಲಕೋಟೆಯ ಕಾಲೇಜೊಂದರ ಆಫೀಸಿಗೆ ಅರ್ಜಿ ಹಾಕಿದೆ.

ದಸರೆ ಹತ್ತಿರ ಬಂತು. ಕಮಿಟಿ ಕೂಡುವ ದಿನ. ಸಂಜೆ ಸಭೆ. ನಾವು ಮೂವರೂ ಎಂದಿನಂತೆ ಕೋಣೆಯಲ್ಲಿ. ಎದುರಿಗೆ ಒಬ್ಬ ನೇಕಾರ ನಿಂತಿದ್ದ, ಅವನ ಸೀರೆ ತೊಲೆಯ ಮೇಲಿತ್ತು. ಬಾಗಿಲು ಕತ್ತಲಾಯಿತು. ನೋಡಿದರೆ ಗಂಗವ್ವ. ಕೈಯಲ್ಲಿ ಕೊಡೆ. (ಕೊಡೆ ಇತ್ತೆಂದರೆ ಮಳೆ ಇತ್ತೇ? ಬಿಸಿಲಿಗೂ ಹಿಡಿಯುತ್ತಾರೆ.) ಹೊಸ್ತಿಲಾಚೆಯೇ ನಿಂತರು. ತುಟಿ ಅಲುಗಾಡಿತು. ಏನೋ ಅಂದರು, ಅಥವಾ ಏನೂ ಅನ್ನಲಿಲ್ಲ. ಕಾಕಾರ ಕೈಯಲ್ಲಿದ್ದ ಸೀರೆ ಜಾರಿ ನೆಲಕ್ಕೆ ಬಿತ್ತು. ಅವರ ಕೈಯಿಂದ ಸೀರೆ ಬಿದ್ದದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ರುದ್ರಪ್ಪನವರು ತಲೆ ಎತ್ತಲಿಲ್ಲ. ತೊಲೆಯ ಮೇಲಿನ ಸೀರೆ ಇನ್ನೂ ಅರ್ಧ ಉಳಿದಿತ್ತು. ಮೊಳಮೊಳವಾಗಿ ಎಳೆದು ನೋಡುತ್ತ ಹೋದರು. ಆಗ ಮಾಬುಸಾಬ ಒಳಗೆ ಬಂದ. ಗಂಗವ್ವ ಸರಿದು ಅವನಿಗೆ ದಾರಿ ಬಿಟ್ಟರು. ಅವನ ಕೈಯಲ್ಲಿ ಒಂದೇ ಕಪ್ಪು ಇತ್ತು. ಅದನ್ನು ನೇಕಾರನ ಮುಂದೆ ಇಡಲಿಲ್ಲ. ರುದ್ರಪ್ಪನವರ ಮುಂದೆ, ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೊರಟುಹೋದ.

ಆ ಕೋಣೆಯಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿರಲಿಲ್ಲ. (ಹಾಗಾದರೆ ತಗಡಿನ ಸದ್ದು?) ರುದ್ರಪ್ಪನವರು ಕಪ್ಪನ್ನು ನೋಡಿದರು. ಆಮೇಲೆ ನೇಕಾರನನ್ನು, ಆಮೇಲೆ ಬಾಗಿಲನ್ನು. ನಮ್ಮಿಬ್ಬರ ಕಡೆ ತಿರುಗಲಿಲ್ಲ. ಕಪ್ಪು ಎತ್ತಿ, ಅಡಿಯ ಬಸಿಗೆ ಬಗ್ಗಿಸಿಕೊಂಡು, ಊದಿ ಊದಿ, ಪೂರ್ತಿ ಕುಡಿದರು. ಕುಡಿದು, ಆ ನೇಕಾ‍ರನ ಸೀರೆಯನ್ನು ತಾವೇ ಘಡಿ ಹಾಕಿದರು. ಘಡಿ ಸೊಟ್ಟಗಿತ್ತು. ಅವರಿಗೆ ಆ ಕೆಲಸ ಬರುತ್ತಿರಲಿಲ್ಲ. ಸೆರಗನ್ನು ಒಳಗೆ ಮಾಡಿದರೋ ಹೊರಗೆ ಮಾಡಿದರೋ? ಅದು ಗೊತ್ತಾಗಿದ್ದರೆ ಚಹ ಯಾರಿಗೆ ಬಂದದ್ದೆಂದು ಗೊತ್ತಾಗುತ್ತಿತ್ತು. ನಾನು ಸೀರೆ ನೋಡಲಿಲ್ಲ, ಅವರ ಮುಖ ನೋಡುತ್ತಿದ್ದೆ.

ಎದ್ದರು. ಟೊಪ್ಪಿಗೆ ಸರಿಮಾಡಿಕೊಂಡರು. "ಸಂಗಪ್ಪಾ, ತೊಲಿ ಮ್ಯಾಲೆ ಧೂಳ ಕುಂದರಗೊಡಬ್ಯಾಡ" ಎಂದಷ್ಟೇ ಅಂದರು. ಕಾಕಾ ಕಪಾಟಿಗೆ ಓಡಿ ಆ ಸೀರೆ ತಂದು ಗಂಗವ್ವನ ಉಡಿಗೆ ಹಾಕಿದರು. ಗಂಗವ್ವ ಅದನ್ನು ಬಿಚ್ಚಿ ನೋಡಲಿಲ್ಲ. ಕೈಯಿಂದ ಒಮ್ಮೆ ಸವರಿ, "ಘಡಿ ಚಲೋ ಹಾಕೀರಿ" ಅಂದು ಬಗಲಲ್ಲಿ ಇಟ್ಟುಕೊಂಡರು. ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ಹೋದರು, ಮುಂದೆ ಆಕೆ, ಹಿಂದೆ ಅವರು. ಬಾಡಿಗೆ ಕೋಣೆಗೂ ಹೋಗಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಸಂಜೆಯವರೆಗೂ ಕಾಕಾ ಆ ಕುರ್ಚಿಯಲ್ಲಿ ಕೂಡಲಿಲ್ಲ. ನಿಂತೇ ಸೀರೆ ನೋಡಿದರು. ಸಂಜೆ ಕಮಿಟಿಗೆ ಚರ್ಚಿಸಲು ಏನೂ ಉಳಿದಿರಲಿಲ್ಲ, ಚೇರಮನ್ನರು ಬಂದು "ಕುಂದರಪಾ ಇನ್ನ, ಯಾರ ದಾರಿ ನೋಡ್ತಿ?" ಅಂದ ಮೇಲೆ ಕೂತರು.

ಮುಂದಿನ ವಾರ ನನಗೆ ಬಾಗಲಕೋಟೆಯಿಂದ ಕರೆ ಬಂತು. "ಇಷ್ಟು ದಿವಸ ಕಾದ್ಯಲ್ಲೋ. ಈಗ ನಿನ್ನ ಪಾಳಿ ಬಂದೈತಿ, ಈಗ ಹೊಂಟ್ಯಾ?" ಕಾಕಾ ಕೇಳಿದರು. ಕಾಯುತ್ತಿರುವಾಗ ಹಾಕಿದ ಅರ್ಜಿ, ಕಾಯುವುದು ಮುಗಿದ ಮೇಲೆ ಹಣ್ಣಾಗಿತ್ತು. ಹೋದೆ.

ಸಂಕ್ರಾಂತಿಯ ಸುಮಾರಿಗೆ ಒಮ್ಮೆ ಇಳಕಲ್ಲಿಗೆ ಬಂದಾಗ ಸೊಸೈಟಿಗೆ ಹೋದೆ. ಕಿಟಕಿಯ ಕುರ್ಚಿಯಲ್ಲಿ ಕಾಕಾ. ಹೊಸ ಕನ್ನಡಕ. ಸೀರೆಯನ್ನು ಬೆಳಕಿಗೆ ಹಿಡಿದು ಕೊನೆಯವರೆಗೆ ನೋಡಿದರು, ಸೆರಗು ಹೊರಗೆ ಮಾಡಿದರು. ಆಮೇಲೆ ಎದ್ದು, ಕುರ್ಚಿ ಸುತ್ತಿ, ತಮ್ಮ ಹಳೆಯ ಜಾಗಕ್ಕೆ ಬಂದು ನಿಂತು, ಅದೇ ಸೀರೆಗೆ ತಾವೇ ಘಡಿ ಹಾಕಿದರು. ಮತ್ತೆ ಹೋಗಿ ಕೂತರು. ಹಿಂದಿನ ಜಾಗವನ್ನು ಕಮಿಟಿ ತುಂಬಿರಲಿಲ್ಲ. "ಯಾರ್ನ ತರೂದು? ಕಲತಾಂವ ನೀ ಹ್ವಾದಿ. ಒಬ್ಬ ಸಾಕು ಅಂತಾರ ಅವರು" ಅಂದರು. ದೂರಿನ ಧ್ವನಿ ಇರಲಿಲ್ಲ. ಸಂತೋಷವಾಗಿದ್ದರೇ? ಅದನ್ನು ನಾನು ಅವರ ಮುಖದಲ್ಲಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರು ಕಿಟಕಿಯಿಂದ ಬೆರಳು ಎತ್ತಿದರು. ಮಾಬುಸಾಬ ಚಹ ತಂದು ನನ್ನ ಮುಂದೆ ಇಟ್ಟ.

ನಾನು ಕಪ್ಪನ್ನೇ ನೋಡುತ್ತ ಕೂತೆ.

"ಹೆದರಬ್ಯಾಡೋ, ಇದು ಬರೇ ಚಾ," ಎಂದು ಕಾಕಾ ಗಹಗಹಿಸಿ ನಕ್ಕರು. "ನಾ ಆ ಪದ್ಧತಿ ಬಿಟ್ಟೇನಿ. ಸೀರಿ ಸರಿ ಇಲ್ಲಂದ್ರ ಬಾಯಿಲೆ ಹೇಳ್ತೇನಿ. ಬೀಗರು ಬೈತಾರ, ಬೈಲಿ."

ಕುಡಿಯುತ್ತ ಕೇಳಿದೆ. "ಕಾಕಾ, ಅವತ್ತ ರುದ್ರಪ್ಪನೋರಿಗೆ ಚಾ ಯಾರು ಹೇಳಿದ್ರಿ? ನೀವ ಅಲ್ಲೇನು?"

ಅವರ ಕೈಯಲ್ಲಿದ್ದ ಸೀರೆ ತೊಲೆಯ ಮೇಲೆ ಅಲ್ಲಿಯೇ ನಿಂತಿತು. "ನಾನ? ನೀ ಹೇಳಿದ್ದಿ ಅಂತ ನಾ ತಿಳದೇನಲ್ಲೋ. ಇಷ್ಟು ದಿವಸ ಹಂಗ ತಿಳದು, ಹುಡುಗ ನನ್ನ ಸಲುವಾಗಿ ಇಷ್ಟ ದೊಡ್ಡ ಕೆಲಸ ಮಾಡ್ಯಾನ ಅಂತ ನಿನ್ನ ಹೆಸರಿಲೆ ದಿನಾ ಒಂದ್ ಸಲ ಕೈ ಮುಗದೇನಿ."

ಹೊರಗೆ ಹೋಗಿ ಮಾಬುಸಾಬನನ್ನು ಕೇಳಿದೆ. ಅವನು ಒಲೆಯ ಮುಂದಿನಿಂದ ತಲೆ ಎತ್ತದೆ, "ದಿನಾ ಎಷ್ಟ್ ಕಪ್ಪ ಕೊಡ್ತೇನಿ ಸಾಹೇಬ್ರ, ಯಾವ ಕಪ್ಪ ಅಂತ ಹೇಳ್ಲಿ?" ಅಂದ.

ಯುಗಾದಿಗೆ ನಾನು ಹೋಗಲಾಗಲಿಲ್ಲ. ಹೋದವರು ಹೇಳಿದ್ದು ಇಷ್ಟು: ನೀಲವ್ವ ಕಾಕು ಬಾಗಿಲಿಗೆ ಬಂದಾಗ ಕಾಕಾ ಕುರ್ಚಿಯಲ್ಲಿ ಇರಲಿಲ್ಲವಂತೆ, ಹಿಂದೆ ನಿಂತು ಒಂದು ಸೀರೆಗೆ ಘಡಿ ಹಾಕುತ್ತಿದ್ದರಂತೆ. ಕಾಕು ಏನೂ ಅನ್ನದೆ ಬಿಸಿಲಿನಲ್ಲಿ ನಿಂತೇ ಇದ್ದರಂತೆ. ಘಡಿ ಮುಗಿದು, ಕಾಕಾ ಸುತ್ತಿ ಬಂದು, ಕುರ್ಚಿಯಲ್ಲಿ ಕೂತು, ಬೆನ್ನು ಆನಿಸಿದ ಮೇಲೆ ಕರೆದರಂತೆ. ಇದು ಮಾತ್ರ ನಾನು ಕಣ್ಣಾರೆ ನೋಡದಿದ್ದರೂ ನನಗೆ ಅನುಮಾನವಿಲ್ಲದ ಒಂದೇ ಸಂಗತಿ. ಯಾಕೆಂದು ಕೇಳಿದರೆ ಹೇಳಲಾರೆ.

ಉಳಿದದ್ದೆಲ್ಲ ಅನುಮಾನವೇ. ರುದ್ರಪ್ಪನವರು ಯಾಕೆ ಕೂತಿದ್ದರೆಂದು ತಿಳಿಯಲಿಲ್ಲ, ಎದ್ದದ್ದು ಗಂಗವ್ವನ ಕರೆಗೋ ಎದುರಿಗೆ ಬಂದ ಚಹಕ್ಕೋ ತಿಳಿಯಲಿಲ್ಲ. ಅದು ಆ ನೇಕಾರನಿಗೆಂದು ಬಂದು ತಪ್ಪಿ ಅವರ ಮುಂದೆ ಕೂತ ಚಹವೂ ಆಗಿರಬಹುದು. ಬಾಗಿಲಿಗೆ ಬರುವ ಮುನ್ನ ಗಂಗವ್ವನೇ ಎದುರಿನ ಹೋಟೆಲಿಗೆ ಹೇಳಿ ಬಂದಿರಬಹುದು. ನಾನು ಕೂಡುತ್ತಿದ್ದ ಮೂಲೆಯೂ ಕಿಟಕಿಯಿಂದ ದೂರವಿರಲಿಲ್ಲ. ನನ್ನ ಬೆರಳೇ ಎದ್ದಿರಬಹುದು, ಇಲ್ಲವೆನ್ನಲು ನನ್ನಲ್ಲಿ ಇರುವುದು ನನ್ನ ನೆನಪೊಂದೇ, ಅದು ಎಂಥದೆಂದು ಮೊದಲೇ ಹೇಳಿದ್ದೇನೆ. ಆ ಚಹ ಯಾರು ಹೇಳಿದರೆಂದು ನನಗೆ ಗೊತ್ತಿಲ್ಲ.